ಮೈಸೂರು ಶೈಲಿಯ ಹಳೆಯ ಭರತನಾಟ್ಯ ಎಲ್ಲಿ ಕಲಿಯೋದು?

ಮಂಡ್ಯದ ಗೆಜ್ಜೆ:
ಎಲ್ಲರಿಗೂ ನಮಸ್ಕಾರ. ಸೀನಿಯರ್ ಪರೀಕ್ಷೆ ಮುಗಿಸಿದ್ದೆ, ಮದುವೆಯಾದ ಮೇಲೆ ನೃತ್ಯ ನಿಂತುಹೋಯ್ತು. ಈಗ ಮಗಳು ಶಾಲೆಗೆ ಹೋಗ್ತಾಳೆ, ಮತ್ತೆ ಶುರು ಮಾಡ್ಬೇಕು. ಕಲಿತಿದ್ದು ತಮಿಳುನಾಡಿನ ಪಂದನಲ್ಲೂರು ಶೈಲಿ. ಆದ್ರೆ ನಮ್ಮ ಅರಮನೆಯಲ್ಲೇ ಬೆಳೆದ ಸಂಪ್ರದಾಯದ ಅಭಿನಯ ಕಲಿಯೋ ಆಸೆ. ಭಾನುವಾರ ಮಾತ್ರ ಮೈಸೂರಿಗೆ ಬರಬಹುದು. ಕೋರ್ಸ್ ಇದೆಯಾ? ಇಂಥ ಆಸಕ್ತಿ ಇರೋರು ಎಲ್ಲಿ ಸೇರ್ತಾರೆ?

ಅಗ್ರಹಾರದವಳು:
ಖಂಡಿತ ಬನ್ನಿ ಮೇಡಂ. ಡಿಗ್ರಿ ಬೇಕಿದ್ರೆ ಲಕ್ಷ್ಮೀಪುರಂನಲ್ಲಿ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಇದೆ, ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿದೆ. ಆದ್ರೆ ನೀವು ಕೇಳ್ತಿರೋದಕ್ಕೆ ಗುರುವಿನ ಮನೆಯೇ ಸರಿ.

ಯಾರ ಹತ್ತಿರ ಹೋದರೂ ಮೊದಲು ಕೇಳಿ, ನೀವು ಯಾರಲ್ಲಿ ಕಲಿತಿರಿ ಅಂತ. ಮೈಸೂರು ಶೈಲಿಯ ಈ ದಾರಿ ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರಿಂದ ಅವರ ಶಿಷ್ಯೆ ವೆಂಕಟಲಕ್ಷಮ್ಮನವರಿಗೆ ಬಂದಿದ್ದು. ವೆಂಕಟಲಕ್ಷಮ್ಮನವರು ಎಂಟನೇ ವಯಸ್ಸಿಗೇ ಪಾಠಕ್ಕೆ ಕೂತವರು, 1939ರಲ್ಲಿ ಆಸ್ಥಾನ ವಿದುಷಿ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಪಾಠ ಹೇಳಿದವರೂ ಅವರೇ. ಹಾಗಾಗಿ ಅವರ ಶಿಷ್ಯರ ಶಿಷ್ಯರು ಊರಲ್ಲಿ ಈಗಲೂ ಇದ್ದಾರೆ.

ನನಗೆ ಮೊದಲ ಜಾವಳಿ, ಅಂದ್ರೆ ಶೃಂಗಾರದ ಪುಟ್ಟ ಹಾಡು, ಹೇಳಿಕೊಟ್ಟಾಗ ಗೆಜ್ಜೆ ಕಟ್ಟಿಸಲೇ ಇಲ್ಲ. ಚಾಪೆ ಮೇಲೆ ಕೂತು ಪಲ್ಲವಿ ನಾವೇ ಹಾಡಬೇಕಿತ್ತು. ನಾಯಕನ ಮೇಲೆ ಮುನಿಸು, ಇರೋದು ಒಂದೇ ಸಾಲು. ಒಂದ್ಸಲ ಆ ಮುನಿಸು ಹುಬ್ಬಲ್ಲಿ ಬರಬೇಕು, ಇನ್ನೊಂದ್ಸಲ ಸೆರಗು ಸರಿಮಾಡಿಕೊಳ್ಳೋ ಬೆರಳಲ್ಲಿ. ಕೈ ಹೋದ ಕಡೆ ಕಣ್ಣು ಹೋಗದಿದ್ರೆ ಗುರುಗಳು ತಾಳ ನಿಲ್ಲಿಸಿಬಿಡೋರು. ಎರಡು ದಿನದ ಕಾರ್ಯಾಗಾರದಲ್ಲಿ ಐಟಂ ಸಿಗುತ್ತೆ, ಇದು ಸಿಗಲ್ಲ. ದಯವಿಟ್ಟು ಒಂದೇ ಜಾವಳಿ ಹಿಡಿದು ತಿಂಗಳುಗಟ್ಟಲೆ ಕೂರಿ.

ಕುವೆಂಪುನಗರ ರಸಿಕ:
ಮೇಡಂ ಹೇಳಿದ್ದು ನಿಜ. ಜನರ ಪರಿಚಯ ಆಗಬೇಕಾದ್ರೆ ದಸರಾ ಕಾರ್ಯಕ್ರಮಗಳಿಗೆ ಬನ್ನಿ, ಜಗನ್ಮೋಹನ ಅರಮನೆಯಲ್ಲೂ ನೃತ್ಯ ಇರುತ್ತೆ. ವರ್ಷದ ಉಳಿದ ದಿನ ನಮ್ಮ ಕುವೆಂಪುನಗರದ ಗಾನಭಾರತಿ ಸಭೆಯ ವೀಣೆ ಶೇಷಣ್ಣ ಭವನಕ್ಕೆ ಬನ್ನಿ. ಮುಂದಿನ ಸಾಲಲ್ಲಿ ಕೂರೋ ಹಿರಿಯರನ್ನ ಮಾತಾಡಿಸಿ, ಯಾರು ಎಲ್ಲಿ ಪಾಠ ಹೇಳ್ತಾರೆ ಅನ್ನೋದು ಅವರಿಗೇ ಗೊತ್ತು.

ಮಂಡ್ಯದ ಗೆಜ್ಜೆ:
ತುಂಬಾ ಥ್ಯಾಂಕ್ಸ್. ನನಗೆ ಹಾಡೋಕೆ ಬರಲ್ಲ, ಸೇರಿಸಿಕೊಳ್ತಾರಾ?

ಅಗ್ರಹಾರದವಳು:
ಕಚೇರಿ ಕೊಡೋಷ್ಟು ಬೇಡ, ಶ್ರುತಿ ಸೇರಿದ್ರೆ ಸಾಕು. ಫೋನಲ್ಲಿ ತಂಬೂರಿ ಹಾಕ್ಕೊಂಡು ಬೆಳಿಗ್ಗೆ ಹೊತ್ತು ಸರಳೆ, ಅಂದ್ರೆ ಸಂಗೀತದ ಮೊದಲ ಸ್ವರಪಾಠ, ಶುರು ಮಾಡಿ. ಮೈಸೂರಿಗೆ ಬರೋ ಭಾನುವಾರ ಮೆಸೇಜ್ ಹಾಕಿ, ನಮ್ಮ ಗುರುಗಳ ಮನೆಗೆ ನಾನೇ ಕರ್ಕೊಂಡು ಹೋಗ್ತೀನಿ.