ನಿಲುವು ಮುಗಿದ ಮೇಲೆ ಚಿ ಹರಿಸಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ಆರು ತಿಂಗಳಿಂದ ಯಿಚ್ವಾನ್ ಅನ್ನುವ ಚೀನೀ ಸಮರಕಲೆ ಕಲಿಯುತ್ತಿದ್ದೇನೆ. ದಿನಾ ಬೆಳಗ್ಗೆ 20 ನಿಮಿಷ ಮರ ತಬ್ಬಿದ ಹಾಗೆ ಕೈ ಹಿಡಿದು ನಿಲ್ಲುತ್ತೇನೆ, ಅದೇ ಜಾನ್ ಜುವಾಂಗ್. ಮುಗಿದ ತಕ್ಷಣ ಅಲ್ಲೇ ಕಣ್ಣು ಮುಚ್ಚಿಕೊಂಡು, ಹೊಟ್ಟೆಯಲ್ಲಿರುವ ಚಿಯನ್ನು, ಅಂದರೆ ಚೀನಿಯರು ಹೇಳುವ ಮೈಯೊಳಗಿನ ಶಕ್ತಿಯನ್ನು, ಬೆನ್ನಿನ ಮೇಲೆ ಹತ್ತಿಸಿ, ತಲೆ ದಾಟಿಸಿ ಮುಂದಿನಿಂದ ಇಳಿಸಿ ಅಂತ ಕ್ಲಾಸಲ್ಲಿ ಹೇಳಿಕೊಟ್ಟಿದ್ದಾರೆ. ಅಂಗೈ ಬಿಸಿಯಾಗುತ್ತದೆ, ಬೆರಳು ಜುಂ ಅನ್ನುತ್ತದೆ. ಅಲ್ಲಿವರೆಗೆ ಖುಷಿ. ತಲೆ ಹತ್ತಿರ ಬಂತು ಅನ್ನುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತದೆ. ಮೊನ್ನೆ ಗೋಡೆ ಹಿಡಿದುಕೊಂಡೆ. ಚಿ ಜಾಸ್ತಿ ಆಯಿತಾ?

ಉತ್ತರ: ಜಾಸ್ತಿ ಆಗಿದ್ದು ಚಿ ಅಲ್ಲ, ಕಾಲಲ್ಲಿ ನಿಂತ ರಕ್ತ. ಮೀನಖಂಡ ಹಿಂಡುತ್ತಿದ್ದರೆ ಕಾಲಿನ ರಕ್ತ ಸಲೀಸಾಗಿ ಮೇಲೆ ಬರುತ್ತದೆ. ಅಲ್ಲಾಡದೆ ನಿಂತರೆ ಆ ಕೆಲಸ ಕಮ್ಮಿ. ಪರೇಡಿನಲ್ಲಿ ಸಿಪಾಯಿಗಳು ದೊಪ್ಪಂತ ಬೀಳುತ್ತಾರಲ್ಲ, ಅದೇ ಕಥೆ. ನೀವು 20 ನಿಮಿಷ ನಿಂತು, ಅದರ ಮೇಲೆ ಮತ್ತೆ ಕಣ್ಣು ಮುಚ್ಚಿ ನಿಲ್ಲುತ್ತೀರಿ, ಬಹುಶಃ ಗೊತ್ತಿಲ್ಲದೆ ಉಸಿರೂ ಬಿಗಿ ಹಿಡಿಯುತ್ತೀರಿ, ತಲೆ ತಿರುಗದೆ ಇನ್ನೇನಾಗುತ್ತದೆ? ನಾಳೆಯಿಂದ ನಿಲುವು ಮುಗಿದ ಕೂಡಲೇ ಕೈ ನಿಧಾನ ಇಳಿಸಿ, ಹಿಮ್ಮಡಿ ಹತ್ತಿಪ್ಪತ್ತು ಸಲ ಎತ್ತಿ ಇಳಿಸಿ, ರೂಮಲ್ಲೇ ಒಂದು ಸುತ್ತು ಹಾಕಿ. ಬೇರೆ ಹೊತ್ತಲ್ಲೂ ಕಣ್ಣು ಕತ್ತಲೆ ಬರುತ್ತಿದ್ದರೆ, ಅಥವಾ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ನೋಡಿ.

ಇನ್ನು ಬೆನ್ನು ಹತ್ತಿಸುವ ವಿಷಯ. ಅದು ಚೀನಾದ ತಾವೋ ಪಂಥದವರ ಒಳ ಸಾಧನೆ, 'ಚಿಕ್ಕ ಆಕಾಶ ಸುತ್ತು' ಅಂತ ಅದರ ಹೆಸರು. ಯಿಚ್ವಾನ್‌ಗೂ ಅದಕ್ಕೂ ಸಂಬಂಧ ಇಲ್ಲ. ಯಿಚ್ವಾನ್ ಕಟ್ಟಿದ ವಾಂಗ್ ಶಿಯಾಂಗ್‌ಜಾಯ್ (1885–1963) ಶಿಂಗ್‌ಯಿ ಅನ್ನುವ ಹಳೆಯ ಸಮರಕಲೆ ಕಲಿತು ಬಂದವರು. 1920ರ ದಶಕದಲ್ಲಿ ಬಾಯಿಪಾಠದಂಥ ವರಸೆಗಳನ್ನೆಲ್ಲ ಬಿಟ್ಟು ನಿಲುವನ್ನೇ ನಡುವೆ ಇಟ್ಟುಕೊಂಡರು. ಚಿಯನ್ನು ಅಲ್ಲಿಂದ ಇಲ್ಲಿಗೆ ಓಡಿಸುವ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ. ನಿಮ್ಮ ಕ್ಲಾಸಲ್ಲಿ ಎರಡು ಅಡುಗೆ ಒಂದೇ ಪಾತ್ರೆಗೆ ಸುರಿದಿದ್ದಾರೆ, ಅಷ್ಟೇ.

ಪ್ರಶ್ನೆ: ಹಾಗಾದರೆ ನಿಂತ ಮೇಲೆ ಏನು ಮಾಡಬೇಕು? ಸುಮ್ನೆ ಕೂತುಬಿಡಲಾ?

ಉತ್ತರ: ಕೂರಬೇಡಿ. ಇದರ ಮುಂದಿನ ಪಾಠ ಶಿಲಿ, ಅಂದರೆ ಬಲವನ್ನು ತಡವಿ ನೋಡುವುದು. ಒಂದು ಕಾಲು ಅರ್ಧ ಹೆಜ್ಜೆ ಮುಂದೆ. ಕೈ ಅದೇ ಮರ ತಬ್ಬಿದ ಆಕಾರ, ಮೊಣಕೈ ಭುಜಕ್ಕಿಂತ ಕೆಳಗೆ. ಈಗ ಮೈಭಾರವನ್ನು ಹಿಂದಿನ ಕಾಲಿಗೆ ತನ್ನಿ, ಕೈ ಎದೆ ಕಡೆ ಬರಲಿ. ಭಾರ ಮುಂದೆ ಹೋದಾಗ ಕೈಯೂ ಮುಂದೆ ಹೋಗಲಿ. ಒಂದು ಗೇಣು ಸಾಕು. ಕೆರೆಯಲ್ಲಿ ಎದೆಮಟ್ಟ ನೀರಿಗಿಳಿದು ಕೈ ಆಡಿಸಿದರೆ ನೀರು ಹೇಗೆ ತಡೆಯುತ್ತದೆ, ಆ ತಡೆ ಇದೆ ಅಂದುಕೊಂಡು ಮಾಡಿ. ಗಾಳಿಯಲ್ಲಿ ಕೈ ಬೀಸಿದ ಹಾಗಾದರೆ ಅದು ಬರೀ ವ್ಯಾಯಾಮ.

ನಾನು ಬೀಜಿಂಗ್‌ನಲ್ಲಿ ಕೆಲಸಕ್ಕಿದ್ದಾಗ ಪಾರ್ಕೊಂದರಲ್ಲಿ ಕಲಿತೆ. ಅಲ್ಲಿನ ಮೇಷ್ಟ್ರು ಮಾತು ಕಮ್ಮಿ. ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಿಂತಿರುತ್ತಿದ್ದರು. ಸೊಂಟ ಹೊರಡುವ ಮೊದಲೇ ಮಣಿಕಟ್ಟು ಹೊರಟಿತೋ, ಬೆರಳಲ್ಲಿ ಟಪ್ ಅಂತ ಒಂದು ಏಟು. ಮೂರು ತಿಂಗಳು ಏಟು ತಿಂದ ಮೇಲೆ ಒಂದು ದಿನ ಪಾದ ಒತ್ತಿದ್ದು ಬೆನ್ನಿಗೆ ಬಂದು ಅಂಗೈಗೆ ಮುಟ್ಟಿದ್ದು ಗೊತ್ತಾಯಿತು. ಹರಿಯುವುದು ಅಂತ ನಾನು ಕರೆಯುವುದು ಅದನ್ನೇ.

ಇನ್ನೊಬ್ಬರು: ನಮ್ಮದು ಹಂಗ್ ಗಾರ್, ದಕ್ಷಿಣ ಚೀನಾದ ಕುಂಗ್ ಫು. ಮಾಬು, ಅಂದರೆ ಕುದುರೆ ನಿಲುವು, ತುಂಬಾ ತಗ್ಗಿ ನಿಲ್ಲುತ್ತೇವೆ. ತೊಡೆ ಗಡಗಡ ನಡುಗುತ್ತದೆ. ಚಿ ಓಡಾಡುತ್ತಿದೆ ಅಂತ ಸೀನಿಯರ್ ಹೇಳುತ್ತಾರೆ. ಇದರ ಮೇಲೆ ಪ್ರಾಣಾಯಾಮ ಮಾಡಬಹುದಾ? ಪ್ರಾಣ, ಚಿ ಎರಡೂ ಒಂದೇ ಅಲ್ವಾ?

ಉತ್ತರ: ನಡುಕ ದಣಿದ ಸ್ನಾಯುವಿನದು. ಒಳ್ಳೆಯದೇ, ಆದರೆ ಪವಾಡ ಅಲ್ಲ. ಮಂಡಿ ಒಳಕ್ಕೆ ಕುಸಿಯದೆ ಕಾಲ್ಬೆರಳ ನೇರಕ್ಕೇ ಇದೆಯಾ ನೋಡಿಕೊಳ್ಳಿ, ಅದು ಮುಖ್ಯ. ಪ್ರಾಣ, ಚಿ ಎರಡಕ್ಕೂ ಉಸಿರಿನ ನಂಟಿದೆ ನಿಜ, ಆದರೆ ಎರಡು ಕಡೆಯ ನಕ್ಷೆ ಬೇರೆ, ಅಭ್ಯಾಸ ಬೇರೆ. ಏದುಸಿರು ಬಿಡುವಾಗ ಕುಂಭಕ, ಅಂದರೆ ಉಸಿರು ಕಟ್ಟಿ ಹಿಡಿಯುವುದು, ಅಂತೂ ಬೇಡವೇ ಬೇಡ. ಉಸಿರು ತಾನಾಗಿ ಇಳಿಯಲಿ. ಹಗುರವಾಗಿ ಏನಾದರೂ ಬೇಕಿದ್ದರೆ ಬಾದ್ವಾನ್‌ಜಿನ್ ಕಲಿಯಿರಿ, ಎಂಟೇ ಚಲನೆ. ಚೀನಾದ ಕ್ರೀಡಾ ಇಲಾಖೆ 2003ರಲ್ಲಿ ಜನರ ಆರೋಗ್ಯಕ್ಕೆ ಅಂತ ಮುಂದಿಟ್ಟ ನಾಲ್ಕು ಅಭ್ಯಾಸಗಳಲ್ಲಿ ಅದೂ ಒಂದು. ಕೊನೆಗೆ ಎರಡೂ ಅಂಗೈ ಹೊಕ್ಕುಳ ಕೆಳಗಿಟ್ಟು ಒಂದೆರಡು ನಿಮಿಷ ನಿಲ್ಲಿ. ಅದಕ್ಕೆ ಶೌಗುಂಗ್ ಅನ್ನುತ್ತಾರೆ, ಅಂಗಡಿ ಬಾಗಿಲು ಹಾಕಿದ ಹಾಗೆ. ಕಣ್ಣು ತೆರೆದೇ ಇರಲಿ.

ಪ್ರಶ್ನೆ: ಮೇಡಂ, ನಾಲ್ಕು ದಿನ ನೀವು ಹೇಳಿದ ಹಾಗೆ ಮಾಡಿದೆ. ತಲೆ ಸುತ್ತಲಿಲ್ಲ. ಆದರೆ ಕೈ ಬಿಸಿ ಆಗುವುದೂ ಕಮ್ಮಿಯಾಗಿದೆ, ಬೇಜಾರು. ಮಣಿಕಟ್ಟು ಬೇರೆ ಮುಂದಕ್ಕೆ ಓಡುತ್ತದೆ.

ಉತ್ತರ: ಬಿಸಿ ಬರುತ್ತದೆ, ಹೋಗುತ್ತದೆ, ಅದನ್ನು ಕಾಯುತ್ತಾ ಕೂರಬೇಡಿ. ಈಗಿನ ಅರ್ಧ ವೇಗದಲ್ಲಿ ಮಾಡಿ. ಪಕ್ಕದಿಂದ ಒಂದು ವಿಡಿಯೋ ತೆಗೆದು ಹಾಕಿ, ಪಾದ ಕಾಣಬೇಕು.