ಹಾರ್ಡ್ ಡಿಸ್ಕಿನ ಲೈಟ್ ಉರಿಯುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಕಾಣುವುದಿಲ್ಲ

ಬ್ರಹ್ಮಾವರದವ:

ನಮಸ್ಕಾರ. ಅಪ್ಪನ ಯಕ್ಷಗಾನ ಸಂಗ್ರಹ ಇರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೈಕೊಟ್ಟಿದೆ. 2 ಟಿಬಿಯದ್ದು, ಅಂಗೈಯಷ್ಟು ಸಣ್ಣದು. ಬೇರೆ ಅಡಾಪ್ಟರ್ ಇಲ್ಲ, ಯುಎಸ್‌ಬಿಯಿಂದಲೇ ಕರೆಂಟ್. ಹಳೇ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಬಡಗುತಿಟ್ಟಿನ ಆಟ, ತಾಳಮದ್ದಳೆ ಎಲ್ಲ ಅದರಲ್ಲೇ ಉಂಟು. ಪತ್ತನಾಜೆ ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಅಪ್ಪನಿಗೆ ಮಳೆಗಾಲ ಪೂರ್ತಿ ಇದೇ ಆಟ.

ಈಗ ಡೆಸ್ಕ್‌ಟಾಪಿನ ಮುಂದಿನ ಪೋರ್ಟಿಗೆ ಚುಚ್ಚಿದರೆ ಲೈಟ್ ಉರಿಯುತ್ತದೆ, ಒಳಗೆ ತಿರುಗುವ ಸದ್ದೂ ಕೇಳುತ್ತದೆ. ವಿಂಡೋಸ್ 10 ಒಮ್ಮೆ ಟಿಣ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್. 'ದಿಸ್ ಪಿಸಿ'ಯಲ್ಲಿ ಎಂತದೂ ಇಲ್ಲ. ಭಾವನ ಲ್ಯಾಪ್‌ಟಾಪಿಗೆ ಹಾಕಿದಾಗ ಕಾಣಿಸಿತು, ಆದರೆ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ಕೇಳಿತು. ಕ್ಯಾನ್ಸಲ್ ಕೊಟ್ಟು ತೆಗೆದೆವು. ಡಿಸ್ಕ್ ಎಲ್ಲೂ ಬಿದ್ದಿಲ್ಲ, ಕಟಕಟ ಸದ್ದೂ ಇಲ್ಲ. ಅಪ್ಪ ದಿನಕ್ಕೆ ನಾಲ್ಕು ಸಲ 'ಸರಿಯಾಯ್ತಾ' ಅಂತ ಕೇಳ್ತಾರೆ. ಎಂತ ಮಾಡೋದು?

ಮಣಿಪಾಲದ ಗೇಮರ್:

ಫಾರ್ಮ್ಯಾಟ್ ಕೊಡಿ ಬ್ರೋ. ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಎಲ್ಲ ವಾಪಸ್ ಬರುತ್ತದೆ. ಆಗದಿದ್ದರೆ ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ನೋಡಿ, ಕೆಲವರಿಗೆ ವರ್ಕ್ ಆಗಿದೆಯಂತೆ.

ಹಂಪನಕಟ್ಟೆ ರಿಪೇರಿ:

ಬೇಡಿ ಮಾರಾಯ್ರೇ! ಎರಡೂ ಬೇಡ.

ನಾನು ಮಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಫ್ರೀಜರ್ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಗಾಳಿಯಲ್ಲಿ ತಣ್ಣಗಿನ ಡಿಸ್ಕನ್ನು ಹೊರಗೆ ತೆಗೆದರೆ ಸೋಡಾ ಬಾಟ್ಲಿಯ ಹಾಗೆ ಮೈಯೆಲ್ಲ ನೀರು. ಆ ನೀರು ಬೋರ್ಡಿನ ಮೇಲೂ ಕೂರುತ್ತದೆ, ಒಳಗೂ ಕೂರಬಹುದು. ಇನ್ನು ಫಾರ್ಮ್ಯಾಟ್. ಕ್ವಿಕ್ ಆದರೆ ಫೈಲುಗಳ ಪಟ್ಟಿ ಹೊಸತಾಗುತ್ತದೆ, ಹೆಸರು ಮತ್ತು ಫೋಲ್ಡರ್ ಕಳೆದುಹೋಗಬಹುದು. ಕ್ವಿಕ್ ಎಂಬ ಟಿಕ್ ತೆಗೆದು ಫುಲ್ ಕೊಟ್ಟಿರೋ, ವಿಸ್ಟಾದಿಂದ ಈಚಿನ ವಿಂಡೋಸ್ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. ಆಮೇಲೆ ಯಾರಿಗೆ ಕೊಟ್ಟರೂ ಆಟ ಮುಗಿಯಿತು. ನೀವು ಕ್ಯಾನ್ಸಲ್ ಕೊಟ್ಟದ್ದು ಒಳ್ಳೆಯದೇ ಆಯಿತು.

ನಿಮ್ಮದು ಎರಡು ಬೇರೆ ಬೇರೆ ತೊಂದರೆ ಅಂತ ನನಗೆ ಕಾಣುತ್ತದೆ. ಟಿಣ್ ಟಿಣ್ ಅನ್ನುವುದು ಕರೆಂಟಿನದ್ದೋ ಕೇಬಲಿನದ್ದೋ ಇರಬೇಕು. ಫಾರ್ಮ್ಯಾಟ್ ಕೇಳುವುದು ಫೈಲ್ ಸಿಸ್ಟಮ್‌ನದ್ದು, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಇಡುವ ವ್ಯವಸ್ಥೆಯದ್ದು. ಮೊದಲನೆಯದು ಸರಿಯಾಗದೆ ಎರಡನೆಯದಕ್ಕೆ ಕೈ ಹಾಕಬೇಡಿ. ನಡುವೆ ಸಂಪರ್ಕ ತಪ್ಪುತ್ತಿರುವ ಡಿಸ್ಕಿನ ಮೇಲೆ ಏನು ಬರೆದರೂ ಇನ್ನಷ್ಟು ಹಾಳು.

ಕರೆಂಟಿನ ಲೆಕ್ಕ ಹೀಗೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, 3.0 ಪೋರ್ಟ್ 900. ಡಿಸ್ಕ್ ತಿರುಗಲು ಶುರು ಮಾಡುವಾಗಲೇ ಜಾಸ್ತಿ ಎಳೆಯುತ್ತದೆ. ಡೆಸ್ಕ್‌ಟಾಪಿನ ಮುಂದಿನ ಪೋರ್ಟಿಗೆ ಕ್ಯಾಬಿನೆಟ್ ಒಳಗಿಂದ ತೆಳು ವಯರಿನಲ್ಲಿ ಬರುತ್ತದೆ. ಹಿಂದಿನದ್ದು ಮದರ್‌ಬೋರ್ಡಿನ ಮೇಲೇ ಇರುತ್ತದೆ. ಹಾಗಾಗಿ ಹಿಂದಿನ ನೀಲಿ ಪೋರ್ಟಿಗೇ ನೇರ ಹಾಕಿ. ಹಬ್ ಬೇಡ, ಎಕ್ಸ್‌ಟೆನ್ಶನ್ ಬೇಡ.

ಕೇಬಲ್ ಬದಲಿಸಿ. ಇಂಥ ಡಿಸ್ಕುಗಳ ಕೇಬಲ್ ಹೆಚ್ಚಾಗಿ ಎರಡು ಭಾಗ ಇರುವ ಚಪ್ಪಟೆ ಪಿನ್ನಿನದ್ದು, ಅದು ಬೇಗ ಸಡಿಲವಾಗುತ್ತದೆ. ಅಂಥದ್ದೇ ಗಿಡ್ಡ ಕೇಬಲ್ ತನ್ನಿ. ಸುಮ್ನೆ ಪರೀಕ್ಷೆಗೆ ಹಳೇ ಫೋನಿನ ಮೈಕ್ರೋ ಯುಎಸ್‌ಬಿ ಕೇಬಲನ್ನೂ ಡಿಸ್ಕಿನ ಪೋರ್ಟಿನ ದೊಡ್ಡ ಭಾಗಕ್ಕೆ ಹಾಕಿ ನೋಡಬಹುದು. ವೇಗ ಕಡಿಮೆ, ಆದರೆ ಕೆಲಸ ಮಾಡುತ್ತದೆ. ಚಾರ್ಜಿಂಗಿಗೆ ಮಾತ್ರ ಇರುವ ಕೇಬಲ್ ಆದರೆ ಒಳಗೆ ಡೇಟಾ ವಯರೇ ಇರುವುದಿಲ್ಲ, ಅದು ಲೆಕ್ಕಕ್ಕಿಲ್ಲ. ಡಿಸ್ಕಿನ ಪಿನ್ನನ್ನು ಟಾರ್ಚ್ ಹಾಕಿ ನೋಡಿ. ಉಪ್ಪು ಗಾಳಿಗೆ ಹಸಿರು ಹಿಡಿದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತಗಿನ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಇರುತ್ತದೆ.

ಇಷ್ಟಾದ ಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ ಎಷ್ಟು ದೊಡ್ಡದು ಅಂತ ತೋರಿಸುತ್ತದೆ? 1863 ಜಿಬಿ ಹತ್ತಿರ ಬಂದರೆ ಸರಿ, 2 ಟಿಬಿ ಅಂದರೆ ವಿಂಡೋಸಿನ ಲೆಕ್ಕದಲ್ಲಿ ಅಷ್ಟೇ. ಹೆಲ್ದಿ ಅಂತ ಇದ್ದು ಡಿ, ಇ ಥರದ ಅಕ್ಷರ ಮಾತ್ರ ಇಲ್ಲದಿದ್ದರೆ ನಿಮ್ಮ ಅದೃಷ್ಟ, ಡ್ರೈವ್ ಲೆಟರ್ ಕೊಟ್ಟರೆ ಮುಗಿಯಿತು. 'ರಾ' ಅಂತ ಇದ್ದರೆ ವಿಂಡೋಸಿಗೆ ಫೈಲ್ ಸಿಸ್ಟಮ್ ಗುರುತು ಸಿಗುತ್ತಿಲ್ಲ ಅಂತ ಅರ್ಥ, ಅಲ್ಲೇ ನಿಲ್ಲಿಸಿ ಇಲ್ಲಿ ಬರೆಯಿರಿ. ಇನಿಶಿಯಲೈಸ್ ಮಾಡ್ಲಾ ಅಂತ ಕೇಳಿದರೆ ಓಕೆ ಒತ್ತಬೇಡಿ. ಸೈಜ್ ಸೊನ್ನೆ ತೋರಿಸಿದರೆ ಅಥವಾ ಕಟಕಟ ಶುರುವಾದರೆ ಪ್ಲಗ್ ಎಳೆದುಬಿಡಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ನನ್ನ ಅಂಗಡಿಯಲ್ಲಿಯೂ ಅಲ್ಲ. ಡಿಸ್ಕ್ ಬಿಚ್ಚಲು ಧೂಳಿಲ್ಲದ ಕ್ಲೀನ್ ರೂಮ್ ಇರುವವರೇ ಬೇಕು.

ಬ್ರಹ್ಮಾವರದವ:

ಹೊಸ ಕೇಬಲ್ ತಂದು ಹಿಂದಿನ ಪೋರ್ಟಿಗೆ ಹಾಕಿದೆ. ಟಿಣ್ ಟಿಣ್ ನಿಂತಿತು! ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 1863.01 ಜಿಬಿ, ಪಕ್ಕದಲ್ಲಿ 'ರಾ' ಅಂತ ಉಂಟು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿಯೂ ನೋಡಿದೆ. ಹಳದಿ ಬಣ್ಣದಲ್ಲಿ ಕಾಶನ್ ಅನ್ನುತ್ತದೆ, ಸಿ5 ಎಂಬ ಸಾಲಿನಲ್ಲಿ ಸೊನ್ನೆ ಇಲ್ಲ. ಚೆಕ್ ಡಿಸ್ಕ್ ಓಡಿಸಲಾ?

ಹಂಪನಕಟ್ಟೆ ರಿಪೇರಿ:

ಓಡಿಸಬೇಡಿ. ಸಿ5 ಅಂದರೆ ಡಿಸ್ಕಿಗೆ ಓದಲು ಆಗದೆ ಬಾಕಿ ಇಟ್ಟಿರುವ ಸೆಕ್ಟರುಗಳು, ಡೇಟಾ ಕೂರುವ ಸಣ್ಣ ಸಣ್ಣ ಜಾಗಗಳು. 'ರಾ' ಇರುವಾಗ ಚೆಕ್ ಡಿಸ್ಕ್ ಹೆಚ್ಚಾಗಿ ಶುರುವೇ ಆಗುವುದಿಲ್ಲ. ಶುರುವಾದರೂ ಅದು ಸರಿಮಾಡಲು ನೋಡುವುದು ಫೈಲ್ ಸಿಸ್ಟಮನ್ನು, ನಿಮ್ಮ ಅಪ್ಪನ ಆಟವನ್ನಲ್ಲ. ಮೊದಲು ಪೂರ್ತಿ ಕಾಪಿ ಆಗಲಿ. ಆ ವಿದ್ಯೆಯಲ್ಲಿ ಸುರತ್ಕಲ್‌ನವರು ನನಗಿಂತ ಹುಷಾರು.

ಸುರತ್ಕಲ್ ಲಿನಕ್ಸ್:

ಬಂದೆ. 4 ಟಿಬಿಯ ಹೊಸ ಡಿಸ್ಕ್ ಒಂದು ಬೇಕು. ಖರ್ಚು ಉಂಟು, ಆದರೆ ಬೇರೆ ದಾರಿ ಇಲ್ಲ. ಪೆನ್‌ಡ್ರೈವಿನಲ್ಲಿ ಉಬುಂಟು (ವಿಂಡೋಸಿನ ಬದಲಿಗೆ ಓಡುವ ಲಿನಕ್ಸ್) ಹಾಕಿ ಅದರಿಂದಲೇ ಕಂಪ್ಯೂಟರ್ ಶುರುಮಾಡಿ. ಡಿಡಿರೆಸ್ಕ್ಯೂ ಎಂಬ ಗ್ನೂ ತಂತ್ರಾಂಶ ಬೇಕು, ಪುಕ್ಕಟೆ. ಉಬುಂಟುವಿನಲ್ಲಿ ಅದರ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಹುಡುಕುವಾಗ ಗಲಿಬಿಲಿ ಬೇಡ. ಸುಲಭವಾಗಿ ಓದಲು ಬರುವುದನ್ನೆಲ್ಲ ಅದು ಮೊದಲು ತೆಗೆದುಕೊಳ್ಳುತ್ತದೆ, ಹಟ ಮಾಡುವ ಜಾಗಕ್ಕೆ ಕೊನೆಗೆ ಹೋಗುತ್ತದೆ. ಕಾಪಿ ಪೇಸ್ಟ್ ಮಾಡಿದರೆ ಮೊದಲ ಕೆಟ್ಟ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಯಾವ ಡಿಸ್ಕ್ ಯಾವುದು ಅಂತ ಸೈಜ್ ನೋಡಿಯೇ ಗುರುತಿಸಿ. ಲಿನಕ್ಸಿನಲ್ಲಿ ಹಳೆಯದು 1.8, ಹೊಸದು 3.6 ಅಂತ ಬರುತ್ತದೆ. ಹಳೆಯದರ ಪೂರ್ತಿ ಪಡಿಯಚ್ಚನ್ನು ಹೊಸದರಲ್ಲಿ ಒಂದು ಇಮೇಜ್ ಫೈಲಾಗಿ ಇಳಿಸಿಕೊಳ್ಳಿ. ಜೊತೆಗೆ ಒಂದು ಮ್ಯಾಪ್ ಫೈಲ್ ಕೊಡಬೇಕು, ಇದು ಮುಖ್ಯ. ಎಲ್ಲಿವರೆಗೆ ಆಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಅದನ್ನೂ ಹೊಸ ಡಿಸ್ಕಿನಲ್ಲೇ ಇಡಿ. ಉಬುಂಟುವಿನ ಡೆಸ್ಕ್‌ಟಾಪಿನಲ್ಲಿಟ್ಟರೆ, ನಮ್ಮೂರ ಕರೆಂಟ್ ಗೊತ್ತಲ್ವಾ, ಒಂದು ಗುಡುಗು ಬಂದರೆ ಲೆಕ್ಕವೂ ಹೋಗುತ್ತದೆ, ಪೆನ್‌ಡ್ರೈವಿನಿಂದ ಶುರುಮಾಡಿದ ಉಬುಂಟು ಅದನ್ನು ಮೆಮೊರಿಯಲ್ಲಿ ಮಾತ್ರ ಇಟ್ಟಿರುತ್ತದೆ.

ಮುಗಿದ ಮೇಲೆ ಟೆಸ್ಟ್‌ಡಿಸ್ಕ್ ಎಂಬ ರಿಕವರಿ ಸಾಫ್ಟ್‌ವೇರನ್ನು ಆ ಇಮೇಜಿನ ಮೇಲೆ ಓಡಿಸಿ, ಹಳೇ ಡಿಸ್ಕಿನ ಮೇಲಲ್ಲ. ಎನ್‌ಟಿಎಫ್‌ಎಸ್ ಎಂಬ ವಿಂಡೋಸಿನ ಫೈಲ್ ಸಿಸ್ಟಮ್ ತನ್ನ ಬೂಟ್ ಸೆಕ್ಟರಿನ (ತನ್ನ ಗುರುತು ಇರುವ ಮೊದಲ ಸೆಕ್ಟರಿನ) ಇನ್ನೊಂದು ಪ್ರತಿಯನ್ನು ಕೊನೆಯಲ್ಲಿ ಇಟ್ಟಿರುತ್ತದೆ. ಮೊದಲಿನದ್ದು ಹಾಳಾಗಿದ್ದರೆ ಆ ಪ್ರತಿಯಿಂದ ಸರಿಮಾಡಬಹುದು.

ಬ್ರಹ್ಮಾವರದವ:

ಆಯಿತು! ನಡುವೆ ಕರೆಂಟ್ ಹೋಯಿತು, ಹೇಳಿದ ಹಾಗೆಯೇ. ಮ್ಯಾಪ್ ಫೈಲ್ ಇದ್ದದ್ದರಿಂದ ಬಿಟ್ಟಲ್ಲಿಂದಲೇ ಮುಂದುವರಿಯಿತು. ಟೆಸ್ಟ್‌ಡಿಸ್ಕ್‌ನಲ್ಲಿ ಬೂಟ್ ಸೆಕ್ಟರ್ ಬ್ಯಾಡ್, ಬ್ಯಾಕಪ್ ಓಕೆ ಅಂತ ಬಂತು. ಇಮೇಜಿನಲ್ಲಿ ಅದನ್ನೇ ಹಾಕಿದೆ, ಫೋಲ್ಡರುಗಳು ಹೆಸರು ಸಮೇತ ಬಂದವು. ಹೆಚ್ಚಿನ ಆಟಗಳು ಸರಿ ಉಂಟು. ಒಂದು ತಾಳಮದ್ದಳೆಯಲ್ಲಿ ಮಾತ್ರ ಅರ್ಥ ಹೇಳುತ್ತಿರುವಾಗಲೇ ಟಕ್ ಅಂತ ಹಾರುತ್ತದೆ, ಎದುರಿನವರ ಉತ್ತರವೇ ಇಲ್ಲ. ಅಪ್ಪನಿಗೆ ಅದೇ ಬೇಕಂತೆ! ಅದರ ಕ್ಯಾಸೆಟ್ ಫಂಗಸ್ ಹಿಡಿದು ಹೋಗಿದೆ. ಎಂತಾದರೂ ಮಾಡಲಿಕ್ಕೆ ಆಗ್ತದಾ?

ಸುರತ್ಕಲ್ ಲಿನಕ್ಸ್:

ಸರಿಮಾಡಿದ ಇಮೇಜಿನ ಫೈಲುಗಳನ್ನು ಮೊದಲು ಬೇರೆ ಕಡೆಗೂ ಒಂದು ಪ್ರತಿ ತೆಗೆದಿಡಿ. ಆಮೇಲೆ ಅದೇ ಇಮೇಜ್, ಅದೇ ಮ್ಯಾಪ್ ಫೈಲ್ ಕೊಟ್ಟು ರೀಟ್ರೈ 3 ಅಂತ ಹಾಕಿ ಇನ್ನೊಮ್ಮೆ ಓಡಿಸಿ. ಓದಲು ಆಗದೆ ಉಳಿದ ಜಾಗಗಳನ್ನು ಮಾತ್ರ ಅದು ಮತ್ತೆ ಪ್ರಯತ್ನಿಸುತ್ತದೆ. ಕೆಲವು ಸಲ ಸೆಕ್ಟರ್ ಎರಡನೇ ಸುತ್ತಿನಲ್ಲಿ ಬಾಯಿ ಬಿಡುತ್ತದೆ.

ಹಂಪನಕಟ್ಟೆ ರಿಪೇರಿ:

ಓಡುವಾಗ ಪಕ್ಕದಲ್ಲೇ ಇರಿ. ಕಟಕಟ ಕೇಳಿದರೆ ನಿಲ್ಲಿಸಿ. ಮತ್ತೆ ಆ ಹಳೇ ಕೇಬಲನ್ನು ಡ್ರಾವರಿನಲ್ಲಿ ಇಟ್ಟಿರುತ್ತೀರಿ, ನನಗೆ ಗೊತ್ತು. ಕತ್ತರಿಸಿ ಬಿಸಾಡಿ.