ವೈರ್ಡ್ ಕಂಟ್ರೋಲರ್ ಕೊಳ್ಳುವ ಮೊದಲು: ರಿಪೇರಿ ಮಾಡುವವರನ್ನೇ ಕೇಳಿ

ಈ ವಾರ ಗ್ರೂಪಿನಲ್ಲಿ ಉತ್ತರ ಕೊಡುತ್ತಿರುವವರು ಕುಶಾಲನಗರದಲ್ಲಿ ಗೇಮ್ ಕನ್ಸೋಲ್ ಮತ್ತು ಕಂಟ್ರೋಲರ್ ರಿಪೇರಿ ಮಾಡುವ ನಮ್ಮ ಸದಸ್ಯರು. ವಿಷಯ, ಕಡಿಮೆ ಬಜೆಟ್ಟಿನ ವೈರ್ಡ್ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ, ವೈರಿನಿಂದ ಕನ್ಸೋಲ್‌ಗೆ ಜೋಡಿಸುವ ಸಾಧನ. ಪ್ರಶ್ನೆ ಕೇಳುವಾಗ ನಿಮ್ಮ ಊರು, ನಿಮ್ಮ ಕನ್ಸೋಲ್ ಎರಡನ್ನೂ ಬರೆಯಿರಿ.

ಪ್ರಶ್ನೆ (ಸುಂಟಿಕೊಪ್ಪ): ನಮಸ್ಕಾರ ಸರ್. ಮಗನ ಹತ್ತಿರ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದೆ. ಅದರ ಜೊತೆ ಬಂದ ಕಂಟ್ರೋಲರ್‌ನಲ್ಲಿ ಸ್ಟಿಕ್ ಮುಟ್ಟದಿದ್ದರೂ ಆಟಗಾರ ತಾನೇ ಎಡಕ್ಕೆ ಓಡುತ್ತಾನೆ. ಹುತ್ತರಿಗೆ ಅಕ್ಕನ ಮಕ್ಕಳು ಬರುತ್ತಾರೆ, ಇಬ್ಬರು ಆಡೋಕೆ ಇನ್ನೊಂದು ಬೇಕು. ಆನ್‌ಲೈನಲ್ಲಿ 1,200 ರೂಪಾಯಿಗೆ ವೈರ್ ಇರುವುದೊಂದು ಸಿಗುತ್ತಿದೆ, ‘ಎಲ್ಲ ಕನ್ಸೋಲ್‌ಗೂ ಆಗುತ್ತದೆ’ ಅಂತ ಬರೆದಿದ್ದಾರೆ. ತಗೊಳ್ಳಬಹುದಾ?

ಉತ್ತರ: ನಮಸ್ಕಾರ ಸರ್. ಅದನ್ನು ದಯವಿಟ್ಟು ತಗೊಳ್ಳಬೇಡಿ. ‘ಎಲ್ಲ ಕನ್ಸೋಲ್‌ಗೂ’ ಆಗುವ ಕಂಟ್ರೋಲರ್ ಅನ್ನುವುದೇ ಇಲ್ಲ. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ (ಪಿಎಸ್), ನಿಂಟೆಂಡೊ ಸ್ವಿಚ್ ಮೂರರದ್ದೂ ಬೇರೆ ಬೇರೆ ಭಾಷೆ. ಪಿನ್ ಒಂದೇ ಥರ ಇದ್ದರೂ ಒಳಗಿನ ಮಾತು ಬೇರೆ.

ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ ಹೆಚ್ಚಿನ ವೈರ್ಡ್ ಕಂಟ್ರೋಲರ್‌ಗಳು ಕಂಪ್ಯೂಟರಿಗೆ ಮಾಡಿದವು. ಬಾಕ್ಸಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಪಿಸಿ, ಪಿಎಸ್3, ಆಂಡ್ರಾಯ್ಡ್’ ಅಂತ ಇರುತ್ತದೆ. ಕಂಪ್ಯೂಟರಿಗೆ ಅವು ಚೆನ್ನಾಗಿಯೇ ಇವೆ. ನಿಮ್ಮ ಸೀರೀಸ್ ಎಸ್‌ಗೆ ಹಾಕಿದರೆ ಕೆಲಸ ಮಾಡುವುದಿಲ್ಲ, ಅಷ್ಟೇ. ಬಟನ್‌ಗಳ ಮೇಲೆ ಎ, ಬಿ, ಎಕ್ಸ್, ವೈ ಇದೆ ಅಂತ ಅದು ಎಕ್ಸ್‌ಬಾಕ್ಸ್‌ನದು ಆಗುವುದಿಲ್ಲ.

ಎಕ್ಸ್‌ಬಾಕ್ಸ್ ತನ್ನ ಲೈಸೆನ್ಸ್ ಇರುವ ಕಂಟ್ರೋಲರನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಚುಚ್ಚಿದ ತಕ್ಷಣ ಒಳಗಿನ ಚಿಪ್ ತನ್ನ ಗುರುತು ತೋರಿಸಬೇಕು. ಮೊದಲು ಈ ತಪಾಸಣೆಯಿಂದ ತಪ್ಪಿಸಿಕೊಳ್ಳುವ ಕೆಲವು ಸಾಮಾನು ಬಂದಿದ್ದವು. 2023ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ ಅವನ್ನೂ ತಡೆಯಲು ಶುರು ಮಾಡಿತು. ಟಿವಿಯಲ್ಲಿ ಎಚ್ಚರಿಕೆ ಬಂದು, ಎರಡು ವಾರ ಆದ ಮೇಲೆ ಆ ಸಾಮಾನು ಪೂರ್ತಿ ನಿಂತುಹೋಗುತ್ತದೆ. ಆದ್ದರಿಂದ ಬಾಕ್ಸಿನ ಮೇಲೆ ‘ಡಿಸೈನ್ಡ್ ಫಾರ್ ಎಕ್ಸ್‌ಬಾಕ್ಸ್’ ಅನ್ನುವ ಗುರುತು ಇದೆಯಾ ಅಂತ ಮೊದಲು ನೋಡಿ. ಬೆಲೆ ನೋಡುವುದು ಆಮೇಲೆ.

ಹಳೆಯದನ್ನು ಎಸೆಯಬೇಡಿ. ಅದಕ್ಕೆ ಬಂದಿರುವುದು ಸ್ಟಿಕ್ ಡ್ರಿಫ್ಟ್, ರಿಪೇರಿ ಆಗುತ್ತದೆ. ಅದು ಸರಿಯಾದರೆ ನಿಮಗೆ ಹೊಸದು ಒಂದೇ ಸಾಕು.

ಅವರೇ: ತುಂಬಾ ಥ್ಯಾಂಕ್ಸ್ ಸರ್. ಹಾಗಾದ್ರೆ ಲೈಸೆನ್ಸ್ ಇರುವುದರಲ್ಲಿ ಯಾವುದು? ಹೊಸದಕ್ಕೂ ಇದೇ ಡ್ರಿಫ್ಟ್ ಬರುವುದಿಲ್ಲವಾ? ಮೂರೂವರೆ, ನಾಲ್ಕು ಸಾವಿರದವರೆಗೆ ಹಾಕಬಹುದು.

ಉತ್ತರ: ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ಟೇಬಲ್ಲಿಗೆ ಜಾಸ್ತಿ ಬರುವುದೇ ಈ ತೊಂದರೆ.

ಸಾಮಾನ್ಯ ಸ್ಟಿಕ್ಕಿನ ಕೆಳಗೆ ಎರಡು ಪೊಟೆನ್ಷಿಯೋಮೀಟರ್ ಇರುತ್ತವೆ, ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಕ್ಕೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದರಲ್ಲಿ ಇದ್ದದ್ದೂ ಇದೇ ಭಾಗ. ಕಾರ್ಬನ್ ಪಟ್ಟಿಯ ಮೇಲೆ ಒಂದು ಸಣ್ಣ ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಪುಡಿ ಏಳುತ್ತದೆ. ಧೂಳು, ತೇವ ಸೇರಿದರೆ ಇನ್ನೂ ಬೇಗ. ಆಗ ಕೈ ಬಿಟ್ಟರೂ ‘ಎಡಕ್ಕೆ ತಳ್ಳುತ್ತಿದ್ದಾರೆ’ ಅಂತ ಕನ್ಸೋಲ್‌ಗೆ ತಪ್ಪು ಸುದ್ದಿ ಹೋಗುತ್ತದೆ.

ಹಾಲ್ ಎಫೆಕ್ಟ್ ಸ್ಟಿಕ್ ಅಂತ ಇನ್ನೊಂದು ಬಗೆ ಇದೆ. ಅದರಲ್ಲಿ ಉಜ್ಜುವ ಪಟ್ಟಿಯೇ ಇಲ್ಲ. ಒಂದು ಅಯಸ್ಕಾಂತ ಅಲ್ಲಾಡುತ್ತದೆ, ಸೆನ್ಸರ್ ದೂರದಿಂದಲೇ ಅದನ್ನು ಅಳೆಯುತ್ತದೆ. ಒಂದಕ್ಕೊಂದು ತಾಗದ ಕಾರಣ ಸವೆತದಿಂದ ಬರುವ ಡ್ರಿಫ್ಟ್ ಇಲ್ಲ. ಸ್ಪ್ರಿಂಗ್ ಸಡಿಲ ಆಗಬಹುದು, ಬಟನ್ ಕೆಡಬಹುದು, ಅದು ಬೇರೆ ಮಾತು.

ಮೂರು ತಿಂಗಳು ಬಟ್ಟೆಯೇ ಒಣಗದ ನಮ್ಮ ಜಿಲ್ಲೆಯಲ್ಲಿ ನಾನು ಹಾಲ್ ಎಫೆಕ್ಟ್‌ಗೇ ದುಡ್ಡು ಹಾಕಿ ಅನ್ನುತ್ತೇನೆ. ಬಣ್ಣದ ಲೈಟಿಗೆ ಬೇಡ, ಸ್ಟಿಕ್ಕಿಗೆ ಹಾಕಿ. ಎಕ್ಸ್‌ಬಾಕ್ಸ್ ಲೈಸೆನ್ಸ್ ಇದ್ದು ಹಾಲ್ ಎಫೆಕ್ಟ್ ಸ್ಟಿಕ್ ಇರುವ ವೈರ್ಡ್ ಕಂಟ್ರೋಲರ್‌ಗಳಲ್ಲಿ ಗೇಮ್‌ಸರ್ ಜಿ7 ಎಸ್ಇ ಒಂದು. 3 ಮೀಟರ್ ವೈರ್, ಅದೂ ಬಿಚ್ಚಿ ತೆಗೆಯುವಂಥದ್ದು. ಹಿಂದೆ ಎರಡು ಹೆಚ್ಚುವರಿ ಬಟನ್, ಹೆಡ್‌ಫೋನ್ ಜ್ಯಾಕ್ ಇವೆ. ಬರೀ ಜಿ7 ಅಂತ ಇರುವುದು ಬೇರೆ ಮಾಡೆಲ್, ಹೆಸರಿನ ಕೊನೆಯ ‘ಎಸ್ಇ’ ನೋಡಿಕೊಂಡು ತಗೊಳ್ಳಿ. 8ಬಿಟ್‌ಡೂ ಅಲ್ಟಿಮೇಟ್ ವೈರ್ಡ್‌ನಲ್ಲಿಯೂ ಎಕ್ಸ್‌ಬಾಕ್ಸ್‌ಗೆ ಅಂತಲೇ ಮಾಡಿದ ಹಾಲ್ ಎಫೆಕ್ಟ್ ಆವೃತ್ತಿ ಇದೆ. ಪವರ್‌ಎ ಕಂಪನಿಯ ವೈರ್ಡ್ ಕೂಡ ಲೈಸೆನ್ಸ್ ಇರುವುದೇ, ಕೈಗೆ ಚೆನ್ನಾಗಿ ಕೂರುತ್ತದೆ. ಆದರೆ ಅದರ ಸಾಮಾನ್ಯ ಮಾಡೆಲ್‌ಗಳಲ್ಲಿ ಹಳೇ ಬಗೆಯ ಸ್ಟಿಕ್. ಬೆಲೆ ದಿನಕ್ಕೊಂದು ಥರ ಇರುತ್ತದೆ, ನಿಮ್ಮ ಬಜೆಟ್ಟಿಗೆ ಬಂದ ದಿನ ತಗೊಳ್ಳಿ.

ವೈರ್ ಬಿಚ್ಚುವಂಥದ್ದೇ ಇರಲಿ. ಎರಡು ಮನೆ ಮಕ್ಕಳು ಸೇರಿದಾಗ ಯಾರಾದರೂ ಕಾಲು ಸಿಕ್ಕಿಸಿಕೊಳ್ಳುತ್ತಾರೆ. ಬಿಚ್ಚುವ ವೈರ್ ಆದರೆ ಕೇಬಲ್ ಮಾತ್ರ ಬದಲಿಸಿದರೆ ಆಯಿತು. ಅಂಟಿಕೊಂಡೇ ಇರುವ ವೈರ್ ಕಿತ್ತರೆ ಬಿಚ್ಚಿ ಬೆಸುಗೆ ಹಾಕಬೇಕು.

ಪ್ರಶ್ನೆ (ಗೋಣಿಕೊಪ್ಪ): ಅಣ್ಣ, ನಂದು ಪಿಎಸ್4. ಹಾಸ್ಟೆಲ್‌ನಿಂದ ರಜೆಗೆ ಬಂದಾಗ ಮಾತ್ರ ಆಡೋದು. ಕಂಟ್ರೋಲರ್ ಬ್ಯಾಟರಿ ಅರ್ಧ ಗಂಟೇನೂ ನಿಲ್ತಿಲ್ಲ. ವೈರ್ ಇರೋದು ಹೊಸದು ತಗೊಳ್ಳಲಾ?

ಉತ್ತರ: ತಮ್ಮಾ, ಬ್ಯಾಟರಿ ಮಾತ್ರ ಹೋಗಿದ್ದರೆ ಹೊಸದು ಯಾಕೆ? ನಿನ್ನ ಡ್ಯುಯಲ್‌ಶಾಕ್ 4 (ಪಿಎಸ್4ನ ಜೊತೆ ಬರುವ ಕಂಟ್ರೋಲರ್) ಅನ್ನೇ ವೈರ್ಡ್ ಮಾಡಿಕೊ. ಟಚ್‌ಪ್ಯಾಡಿನ ಮೇಲ್ಭಾಗದಲ್ಲಿ ಸಣ್ಣ ಗೆರೆಯಂತೆ ಬೆಳಕು ಕಾಣುತ್ತಿದ್ದರೆ ಅದು ಎರಡನೇ ಆವೃತ್ತಿ. ಅದು ಕೇಬಲ್ ಮೂಲಕವೇ ಕನ್ಸೋಲ್ ಜೊತೆ ಮಾತಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಿವೈಸಸ್, ಕಂಟ್ರೋಲರ್ಸ್, ಕಮ್ಯುನಿಕೇಶನ್ ಮೆಥಡ್‌ಗೆ ಹೋಗಿ ‘ಯೂಸ್ ಯುಎಸ್‌ಬಿ ಕೇಬಲ್’ ಆರಿಸು. ಮೊದಲ ಆವೃತ್ತಿಯಲ್ಲಿ ಕೇಬಲ್ ಬರೀ ಚಾರ್ಜಿಗೆ, ಮಾತುಕತೆ ಬ್ಲೂಟೂತ್‌ನಲ್ಲೇ. ಆದರೂ ಕೇಬಲ್ ಚುಚ್ಚಿಟ್ಟು ಆಡಬಹುದು. ಇಲ್ಲವೆಂದರೆ ಬ್ಯಾಟರಿ ಬದಲಿಸಬಹುದು, ಅದೊಂದು ಸಣ್ಣ ಕೆಲಸ.

ಕಂಟ್ರೋಲರೇ ಹಾಳಾಗಿದ್ದರೆ ಪ್ಲೇಸ್ಟೇಷನ್ ಮಾಡುವ ಸೋನಿಯ ಲೈಸೆನ್ಸ್ ಇರುವ ನೇಕಾನ್ ವೈರ್ಡ್ ಕಾಂಪ್ಯಾಕ್ಟ್ ನೋಡು. ಟಚ್‌ಪ್ಯಾಡ್, ವೈಬ್ರೇಶನ್, ಹೆಡ್‌ಫೋನ್ ಜ್ಯಾಕ್ ಇದೆ. ಫುಟ್‌ಪಾತಿನಲ್ಲಿ ಸೋನಿ ಬಾಕ್ಸಿನಲ್ಲೇ ಅರ್ಧ ಬೆಲೆಗೆ ಸಿಗುವ ‘ಒರಿಜಿನಲ್’ ಮಾತ್ರ ಬೇಡ. ಇವತ್ತು ನಡೆದರೂ ನಾಳೆ ಒಂದು ಅಪ್‌ಡೇಟ್ ಬಂದರೆ ನಿಲ್ಲಬಹುದು, ಮಾರಿದವನು ಸಿಗುವುದಿಲ್ಲ.

ಪ್ರಶ್ನೆ (ಸೋಮವಾರಪೇಟೆ): ಸರ್, ನಮ್ಮದೂ ಪಿಎಸ್4. ಮಗಳಿಗೆ ಎಂಟು ವರ್ಷ, ಅಣ್ಣನ ಕಂಟ್ರೋಲರ್ ಕೈಗೆ ಸರಿಯಾಗಿ ಸಿಗುವುದಿಲ್ಲ.

ಉತ್ತರ: ಹೋರಿ ಕಂಪನಿಯ ಮಿನಿ ವೈರ್ಡ್ ಗೇಮ್‌ಪ್ಯಾಡ್ ಸಿಕ್ಕಿದರೆ ತಗೊಳ್ಳಿ ಅಮ್ಮ. ಸೋನಿ ಲೈಸೆನ್ಸ್ ಇದೆ, ಸಣ್ಣ ಕೈಗೇ ಮಾಡಿದ್ದು. ವೈಬ್ರೇಶನ್ ಇಲ್ಲ, ಹೆಡ್‌ಫೋನ್ ಜ್ಯಾಕ್ ಇಲ್ಲ, ಅಲ್ಲಾಡಿಸಿ ಆಡುವ ಮೋಷನ್ ಸೆನ್ಸರ್ ಇಲ್ಲ. ಮಗುವಿನ ಆಟಕ್ಕೆ ಇವು ಬೇಕಾಗುವುದು ಕಡಿಮೆ. ಮಕ್ಕಳಿಗೆ ಕೈಗೆ ಹಿಡಿಸುವ ಕಂಟ್ರೋಲರ್ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡದನ್ನು ಕೊಟ್ಟರೆ ಹೆಬ್ಬೆರಳು ಚಾಚಿ ಚಾಚಿ ನೋವು ಮಾಡಿಕೊಳ್ಳುತ್ತಾರೆ, ಹೇಳುವುದೂ ಇಲ್ಲ.

ಪ್ರಶ್ನೆ (ವಿರಾಜಪೇಟೆ): ಪಿಎಸ್4ದು ಪಿಎಸ್5ಗೆ ಆಗುತ್ತಾ ಸರ್? ಆದರೆ ನಾನೂ ಅದೇ ನೇಕಾನ್ ತಗೊಳ್ತೀನಿ.

ಉತ್ತರ: ಅರ್ಧ ಮಾತ್ರ ಆಗುತ್ತದೆ, ಅದಕ್ಕೇ ಬೇಡ ಅನ್ನುತ್ತೇನೆ. ಪಿಎಸ್4 ಕಂಟ್ರೋಲರ್ ಪಿಎಸ್5ನಲ್ಲಿ ಪಿಎಸ್4 ಗೇಮ್‌ಗಳಿಗೆ ಮಾತ್ರ. ಪಿಎಸ್5 ಗೇಮ್ ಹಾಕಿದರೆ ಒಪ್ಪುವುದೇ ಇಲ್ಲ. ಪಿಎಸ್5ಗೆ ಲೈಸೆನ್ಸ್ ಇರುವ ಬೇರೆ ಕಂಪನಿಯವು ಹೆಚ್ಚಾಗಿ ಸ್ಪರ್ಧೆ ಆಡುವವರಿಗೆ ಮಾಡಿದವು, ಬೆಲೆಯೂ ಹಾಗೇ. ಕಡಿಮೆ ಖರ್ಚಿನ ದಾರಿ ಅಂದರೆ ಪಿಎಸ್5 ಜೊತೆ ಬಂದ ಡ್ಯುಯಲ್‌ಸೆನ್ಸ್ ಕಂಟ್ರೋಲರನ್ನೇ ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ಆಡುವುದು. ಸೆಟ್ಟಿಂಗ್ಸ್‌ನ ಆಕ್ಸೆಸರೀಸ್‌ನಲ್ಲಿ ಕಮ್ಯುನಿಕೇಶನ್ ಮೆಥಡ್ ಬದಲಿಸಿ.

ಪ್ರಶ್ನೆ (ಮಡಿಕೇರಿ): ವೈರ್ಡ್ ಆದ್ರೆ ಲ್ಯಾಗ್ ಇರಲ್ಲ, ಗೋಲ್ ಹೊಡೆಯೋದು ಸುಲಭ ಅಂತ ಗೆಳೆಯರು ಹೇಳ್ತಾರೆ. ನಿಜಾನಾ ಅಣ್ಣ?

ಉತ್ತರ: ಲ್ಯಾಗ್ ಅಂದರೆ ಬಟನ್ ಒತ್ತಿದ್ದು ಪರದೆಯಲ್ಲಿ ಕಾಣುವವರೆಗಿನ ತಡ. ವೈರಿನಲ್ಲಿ ಸಿಗ್ನಲ್ ಒಂದೇ ಸಮ ಹೋಗುತ್ತದೆ, ಪಕ್ಕದ ವೈಫೈ, ಬ್ಲೂಟೂತ್ ಕಾಟ ಇಲ್ಲ. ಆದರೆ ಒಳ್ಳೆಯ ವೈರ್‌ಲೆಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕೆಲವೇ ಮಿಲಿಸೆಕೆಂಡ್. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಗೇಮಿನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ನಿಜವಾದ ತಡ ಜಾಸ್ತಿ ಆಗುವುದು ಟಿವಿಯಲ್ಲಿ. ಚಿತ್ರ ಚೆಂದ ಮಾಡಲು ಟಿವಿ ಒಳಗೆ ಕೆಲಸ ನಡೆಯುತ್ತಿರುತ್ತದೆ, ಅದಕ್ಕೆ ಸಮಯ ಬೇಕು. ಟಿವಿ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿ. ಕಾಸು ಖರ್ಚಿಲ್ಲ, ಹೊಸ ಕಂಟ್ರೋಲರಿಗಿಂತ ಜಾಸ್ತಿ ವ್ಯತ್ಯಾಸ ಕಾಣುತ್ತದೆ. ವೈರ್ಡ್ ತಗೊಳ್ಳಲು ಒಳ್ಳೆಯ ಕಾರಣ ಬೇರೆ ಇವೆ: ಬೆಲೆ ಕಡಿಮೆ, ಸೆಲ್ ಖರ್ಚಿಲ್ಲ, ಹಾಳಾಗಲು ಬ್ಯಾಟರಿಯೇ ಇಲ್ಲ.

ಪ್ರಶ್ನೆ (ಗಾಳಿಬೀಡು): ನಮ್ಮ ಹೋಂಸ್ಟೇ ಹಾಲ್‌ನಲ್ಲಿ ಅತಿಥಿಗಳಿಗೆ ಅಂತ ಸೀರೀಸ್ ಎಸ್ ಇಟ್ಟಿದ್ದೇವೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಂಟ್ರೋಲರ್ ಅಂಟು ಅಂಟಾಗಿ, ಬಟನ್ ಸಂದಿಯಲ್ಲಿ ಬೂಷ್ಟು ಬಂದಿರುತ್ತದೆ. ಸೋಫಾ ಟಿವಿಯಿಂದ ದೂರ ಇದೆ. ವೈರ್ಡ್ ಸರಿ ಆಗುತ್ತದಾ?

ಉತ್ತರ: ಅಕ್ಕ, ನಿಮಗೆ ವೈರ್ಡೇ ಸರಿ. ಬಂದವರು ವೈರ್‌ಲೆಸ್ ಕಂಟ್ರೋಲರನ್ನು ತಮ್ಮ ಫೋನಿಗೆ ಜೋಡಿಸಿ ಹೋಗುತ್ತಾರೆ, ಮುಂದಿನವರಿಗೆ ಅದು ಕನ್ಸೋಲ್‌ಗೆ ಸಿಗುವುದಿಲ್ಲ, ನಿಮಗೆ ರಾತ್ರಿ ಫೋನ್ ಬರುತ್ತದೆ. ವೈರ್ಡ್‌ನಲ್ಲಿ ಆ ರಗಳೆ ಇಲ್ಲ, ಸೆಲ್ ಹುಡುಕುವುದೂ ಇಲ್ಲ.

ಅಂಟುವುದು ಕೊಳೆಯಿಂದ ಮಾತ್ರ ಅಲ್ಲ. ಹಿಡಿಯುವ ಕಡೆ ಮೆತ್ತನೆಯ ರಬ್ಬರ್ ಲೇಪನ ಇದ್ದರೆ ತೇವಕ್ಕೆ ಆ ಲೇಪನವೇ ಕರಗಿದ ಹಾಗೆ ಆಗುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಕೊಳ್ಳುವಾಗ ಲೇಪನ ಇಲ್ಲದ, ಬರೀ ಪ್ಲಾಸ್ಟಿಕ್ಕಿನ ಗೀರು ಗೀರು ಹಿಡಿ ಇರುವುದನ್ನು ಆರಿಸಿ. ನೋಡಲು ಸಾಧಾರಣ, ಬಾಳಿಕೆ ಜಾಸ್ತಿ.

ಆಡದ ದಿನ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿ ಡಬ್ಬಿ ಬೇಡ, ಅದರ ಹುಡಿ ಸಂದಿಯೊಳಗೆ ಹೋಗುತ್ತದೆ. ಒಲೆ ಹತ್ತಿರವೂ ಬೇಡ, ಶಾಖದ ಜೊತೆ ಹೊಗೆಯ ಜಿಡ್ಡು ಸೇರುತ್ತದೆ. ಬೂಷ್ಟು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ಬಟ್ಟೆಗೆ ಹಾಕಿ ಒರೆಸಿ, ಕಂಟ್ರೋಲರ್ ಮೇಲೆ ಸುರಿಯಬೇಡಿ. ಬಾಗಿಲಿನ ತಿರುಗಣೆಗೆ ಹೊಡೆಯುವ ಎಣ್ಣೆ ಸ್ಪ್ರೇಯನ್ನು ಸ್ಟಿಕ್ಕಿಗೆ ಹೊಡೆದು ತರುವವರಿದ್ದಾರೆ. ಹಾಗೆ ಮಾಡಲೇಬೇಡಿ. ಎಣ್ಣೆ ಒಳಗೇ ನಿಂತು ಧೂಳು ಹಿಡಿಯುತ್ತದೆ.

ದೂರದ ಬಗ್ಗೆ: ಇಂಥ ಕಂಟ್ರೋಲರ್‌ಗಳ ವೈರ್ ಹೆಚ್ಚಾಗಿ 3 ಮೀಟರ್, ಅಂದರೆ ಸುಮಾರು ಹತ್ತು ಅಡಿ. ಹಳೇ ಮನೆಗಳ ದೊಡ್ಡ ಹಾಲಿಗೆ ಸಾಲದು. ಎಕ್ಸ್‌ಟೆನ್ಶನ್ ಹಾಕಬಹುದು, ಆದರೆ ಎಲ್ಲ ಸೇರಿ 5 ಮೀಟರ್ ದಾಟದಿರಲಿ. ಯುಎಸ್‌ಬಿ 2.0 ಕೇಬಲ್ಲಿನ ಮಿತಿ ಅದು. ನನ್ನನ್ನು ಕೇಳಿದರೆ ಎರಡು ಬೆತ್ತದ ಕುರ್ಚಿ ಮುಂದೆ ಎಳೆದು ಹಾಕಿ. ನಡೆಯುವ ದಾರಿಯಲ್ಲಿ ವೈರ್ ಹಾದರೆ ಯಾರಾದರೂ ಬೀಳುತ್ತಾರೆ, ಟೇಬಲ್ಲಿನಿಂದ ಕನ್ಸೋಲ್ ಕೂಡ ಬೀಳುತ್ತದೆ. ಗುಡುಗು ಶುರುವಾದರೆ ಆಟ ನಿಲ್ಲಿಸಿ ಪ್ಲಗ್ ಕೀಳಲು ಅತಿಥಿಗಳಿಗೆ ಹೇಳಿಡಿ. ಇದರಲ್ಲಿ ಸಂಕೋಚ ಬೇಡ ಅಕ್ಕ.

ಪ್ರಶ್ನೆ (ನಾಪೋಕ್ಲು): ಸ್ವಿಚ್‌ಗೆ?

ಉತ್ತರ: ಪವರ್‌ಎ, ಹೋರಿ ಎರಡರಲ್ಲೂ ನಿಂಟೆಂಡೊ ಲೈಸೆನ್ಸ್ ಇರುವ ವೈರ್ಡ್ ಇದೆ. ಟಿವಿಗೆ ಜೋಡಿಸುವ ಡಾಕ್‌ನ ಯುಎಸ್‌ಬಿಗೆ ಚುಚ್ಚಿದರೆ ಆಯಿತು. ಪವರ್‌ಎ ವೈರ್ಡ್‌ನಲ್ಲಿ ವೈಬ್ರೇಶನ್, ಮೋಷನ್ ಇರುವುದಿಲ್ಲ. ಕಂಟ್ರೋಲರ್ ಓರೆ ಮಾಡಿ ಗುರಿ ಇಡುವ ಗೇಮ್ ಆಡುವವರಾದರೆ ಅದು ಬೇಡ.

ಪ್ರಶ್ನೆ (ಸಿದ್ದಾಪುರ): ಎಕ್ಸ್‌ಬಾಕ್ಸ್ ಲೈಸೆನ್ಸ್ ಇರೋದೇ ತಗೊಂಡೆ ಸರ್. ಮೊದಲು ಸರಿ ಇತ್ತು. ಕೇಬಲ್ ಕಿತ್ತುಹೋಯ್ತು ಅಂತ ಮನೆಯಲ್ಲಿದ್ದ ಫೋನ್ ಕೇಬಲ್ ಹಾಕಿದೆ. ಈಗ ಲೈಟ್ ಕೂಡ ಸರಿಯಾಗಿ ಬರಲ್ಲ, ಕನ್ಸೋಲ್ ಗುರುತಿಸ್ತಾ ಇಲ್ಲ. ವಾರಂಟಿಗೆ ಕಳಿಸಲಾ?

ಉತ್ತರ: ಕಳಿಸುವ ಮೊದಲು ಕೇಬಲ್ ನೋಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಮಾಹಿತಿ ಹೋಗುವ ಎರಡು ತಂತಿ ಇರುವುದೇ ಇಲ್ಲ. ಅದೇ ಕೇಬಲ್ಲಿನಲ್ಲಿ ನಿಮ್ಮ ಫೋನನ್ನು ಕಂಪ್ಯೂಟರಿಗೆ ಹಾಕಿ. ಫೋನಿನಲ್ಲಿ ‘ಫೈಲ್ ಟ್ರಾನ್ಸ್‌ಫರ್’ಗೆ ಒಪ್ಪಿಗೆ ಕೊಟ್ಟರೂ ಫೋಟೋಗಳು ಕಾಣದೆ, ಅಥವಾ ಆ ಆಯ್ಕೆಯೇ ಬಾರದೆ ಬರೀ ಚಾರ್ಜ್ ಆದರೆ ತಪ್ಪು ಕೇಬಲ್ಲಿನದು ಇರಬಹುದು. ಇನ್ನೊಂದು, ಕಂಟ್ರೋಲರಿನ ತೂತು ಸ್ವಲ್ಪ ಒಳಗಿರುತ್ತದೆ. ಫೋನ್ ಕೇಬಲ್ಲಿನ ದಪ್ಪ ತಲೆ ಪೂರ್ತಿ ಒಳಗೆ ಹೋಗದೆ ಅರ್ಧಕ್ಕೇ ನಿಲ್ಲುತ್ತದೆ. ನೀವು ಹೇಳಿದ್ದು ನೋಡಿದರೆ ನನಗೆ ಇದರ ಮೇಲೇ ಅನುಮಾನ.

ಡೇಟಾ ಕೇಬಲ್, ತೆಳು ತಲೆಯದ್ದು ಹಾಕಿ ನೋಡಿ. ಆಗಲೂ ಬರದಿದ್ದರೆ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿ, ರನ್ ಬಾಕ್ಸಿನಲ್ಲಿ (ವಿಂಡೋಸ್ ಕೀ ಜೊತೆ R ಒತ್ತಿದರೆ ಬರುತ್ತದೆ) ‘joy.cpl’ ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. ಅಲ್ಲಿಯೂ ಕಂಟ್ರೋಲರಿನ ಹೆಸರು ಬರದಿದ್ದರೆ ವಾರಂಟಿಗೆ ಕಳಿಸಿ. ಬಿಲ್ಲಿನ ಫೋಟೋ, ಹಿಂದಿನ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ರೂ ಮಾತ್ರ ಬಿಚ್ಚಬೇಡಿ, ಬಿಚ್ಚಿದ ಗುರುತು ಕಂಡರೆ ವಾರಂಟಿ ಕೊಡದೇ ಇರಬಹುದು.